ಬೆಳಕು ತಗ್ಗಿಸೋಕೆ ಬಲ್ಬು ಮಾತ್ರ ಸಾಲದು: ಡಿಮ್ಮರ್ ಜೋಡಿ ಆರಿಸುವುದು ಹೇಗೆ?

ಜುಲೈ ಬಂದರೆ ನಮ್ಮ ಕೊಡಗಿನಲ್ಲಿ ಮಧ್ಯಾಹ್ನ 3 ಗಂಟೆಗೇ ದೀಪ ಹಾಕಬೇಕು. ಮಕ್ಕಳ ಓದಿಗೆ ಜಾಸ್ತಿ ಬೆಳಕು ಬೇಕು. ಊಟ ಮುಗಿಸಿ ಮಳೆ ಸದ್ದು ಕೇಳುತ್ತಾ ಕೂತಾಗ ಅಷ್ಟೇ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಅಲ್ವಾ? ಬೆಳಕು ಹೆಚ್ಚು-ಕಡಿಮೆ ಮಾಡುವ ಗುಂಡಿ, ಅಂದರೆ ಡಿಮ್ಮರ್, ಬೇಕಾಗುವುದು ಆಗ.

ನಮ್ಮ ಮನೆಯ ಹಜಾರದಲ್ಲಿ ಹಳೇ ಡಿಮ್ಮರ್ ಒಂದಿತ್ತು. ಅದಕ್ಕೆ 60 ವ್ಯಾಟಿನ 4 ತಂತಿ ಬಲ್ಬುಗಳು. ಅವನ್ನು ತೆಗೆದು ‘ಡಿಮ್ಮಬಲ್’ (ಬೆಳಕು ತಗ್ಗಿಸಬಹುದಾದದ್ದು) ಎಂದು ಬರೆದಿದ್ದ 9 ವ್ಯಾಟಿನ 4 ಎಲ್ಇಡಿ ಹಾಕಿದೆವು. ಗುಂಡಿ ತಿರುಗಿಸಿ ಬೆಳಕು ಅರ್ಧಕ್ಕೆ ಇಳಿಸುತ್ತಿದ್ದಂತೆ ನಾಲ್ಕೂ ಪಟಪಟ ಮಿಣುಕಿದವು. ಮಳೆ ಸ್ವಲ್ಪ ನಿಂತಾಗ ಗೋಡೆಯಿಂದ ಜೀರುಂಡೆಯಂಥ ಸದ್ದು ಬೇರೆ. ಬಲ್ಬು ಸರಿಯಿಲ್ಲ ಅಂತ ಸುಮ್ನೆ ಎರಡು ಸಲ ಬದಲಾಯಿಸಿದೆವು. ತಪ್ಪು ಬಲ್ಬಿನದ್ದಾಗಿರಲಿಲ್ಲ.

ಡಿಮ್ಮರ್ ಬಿಚ್ಚಿ ನೋಡಿದರೆ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ‘60–400 ವ್ಯಾಟ್’ ಎಂದಿತ್ತು. ಅಂದರೆ ಕಡಿಮೆ ಅಂದರೂ 60 ವ್ಯಾಟಿನ ಹೊರೆ ಬೇಕು. ತಂತಿ ಬಲ್ಬುಗಳ ಕಾಲದಲ್ಲಿ 240 ವ್ಯಾಟ್ ಇತ್ತು, ತೊಂದರೆ ಇರಲಿಲ್ಲ. ಎಲ್ಇಡಿ ನಾಲ್ಕೂ ಸೇರಿ ಬರೀ 36. ಅಷ್ಟು ಕಡಿಮೆ ಹೊರೆಗೆ ಆ ಡಿಮ್ಮರ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಅಲೆ. ಡಿಮ್ಮರ್ ಪ್ರತಿ ಅಲೆಗೆ ಎರಡು ಸಲ, ಹೀಗೆ ಸೆಕೆಂಡಿಗೆ 100 ಸಲ, ಅದರಲ್ಲಿ ಒಂದೊಂದು ತುಂಡು ಕತ್ತರಿಸುತ್ತದೆ. ತಂತಿ ಬಲ್ಬಿನಲ್ಲಿ ತಂತಿ ಬಿಸಿಯಾಗಿಯೇ ಇರುವುದರಿಂದ ಆ ಕತ್ತರಿ ಕಣ್ಣಿಗೆ ಬೀಳುತ್ತಿರಲಿಲ್ಲ. ಎಲ್ಇಡಿ ಬಲ್ಬಿನ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇದೆ. ಕತ್ತರಿಸಿದ ಕರೆಂಟನ್ನು ತಡೆದುಕೊಳ್ಳುವಂತೆ ಅದನ್ನು ಮಾಡಿರಬೇಕು. ಮಾಮೂಲಿ ಎಲ್ಇಡಿಯನ್ನು ಡಿಮ್ಮರಿಗೆ ಹಾಕಿದರೆ ಮಿಣುಕುತ್ತದೆ, ಬೇಗ ಸುಟ್ಟೂ ಹೋಗಬಹುದು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಗೋಡೆಯಲ್ಲಿ ಏನಿದೆ ಅಂತ ನೋಡಿ. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ಕರೆಂಟು ಇಲ್ಲ ಅಂತ ಖಚಿತ ಮಾಡಿಕೊಂಡೇ ಬೋರ್ಡಿನ ಮುಚ್ಚಳ ತೆಗೆಯಿರಿ. ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿದ್ದರೆ ಎಲೆಕ್ಟ್ರಿಷಿಯನ್‌ಗೇ ಬಿಡಿ. ಡಿಮ್ಮರಿನ ಹಿಂದಿನ ಬರಹದ ಫೋಟೋ ತೆಗೆದುಕೊಳ್ಳಿ. ಬಾಕ್ಸಿನೊಳಗೆ ನ್ಯೂಟ್ರಲ್ ವೈರ್ (ಕರೆಂಟು ವಾಪಸ್ ಹೋಗುವ ತಂತಿ) ಇದೆಯಾ ಎಂದೂ ಎಲೆಕ್ಟ್ರಿಷಿಯನ್‌ನನ್ನು ಕೇಳಿ. ಹಳೇ ಮನೆಗಳಲ್ಲಿ ಬಹಳ ಕಡೆ ಇರುವುದಿಲ್ಲ, ಕೆಲವು ಹೊಸ ಡಿಮ್ಮರ್‌ಗಳಿಗೆ ಅದು ಬೇಕೇ ಬೇಕು. ಇನ್ನೊಂದು ಮಾತು: ಗೋಡೆಯಲ್ಲಿರುವುದು ಫ್ಯಾನ್ ರೆಗ್ಯುಲೇಟರ್ ಆಗಿದ್ದರೆ ಅದಕ್ಕೆ ಬಲ್ಬು ಸೇರಿಸಲೇಬೇಡಿ.

ಬಲ್ಬಿನ ಡಬ್ಬಿಯಲ್ಲಿ ‘ಡಿಮ್ಮಬಲ್’ ಎಂಬ ಪದ ಇರಬೇಕು, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇರಬೇಕು. ಸ್ವಿಚ್ಚನ್ನು ಆಫ್-ಆನ್ ಮಾಡಿದರೆ ಮೂರು ಹಂತದಲ್ಲಿ ಬೆಳಕು ಬದಲಾಗುವ ಬಲ್ಬೂ ಸಿಗುತ್ತದೆ, ಫೋನಿನಿಂದ ನಡೆಸುವ ಸ್ಮಾರ್ಟ್ ಬಲ್ಬೂ ಸಿಗುತ್ತದೆ. ಅವೆರಡಕ್ಕೂ ಮಾಮೂಲಿ ಸ್ವಿಚ್ಚೇ ಸರಿ, ಡಿಮ್ಮರ್ ಬೇಡ. ಹೋಲ್ಡರ್ ಪಿನ್ನಿನದಾ ತಿರುಪಿನದಾ ನೋಡಿಕೊಳ್ಳಿ.

ಬಣ್ಣದ ವಿಷಯದಲ್ಲಿ ನನ್ನ ಮಾತು ಕೇಳಿ, 2700 ಕೆಲ್ವಿನ್ (ಡಬ್ಬಿಯ ಮೇಲೆ ಬಣ್ಣ ಹೇಳುವ ಅಂಕಿ, ಇದು ಹಳದಿ ಬೆಳಕು) ತೆಗೆದುಕೊಳ್ಳಿ. ಐನ್‌ಮನೆಯ (ಕೊಡವರ ಮೂಲಮನೆಯ) ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ತೂಗುದೀಪ ನೋಡಿದವರಿಗೆ ಆ ಹಳದಿಯ ಹಿತ ಗೊತ್ತು. ತಂತಿ ಬಲ್ಬು ತಗ್ಗಿಸಿದಷ್ಟೂ ಕೆಂಪಗಾಗುತ್ತಿತ್ತು. ಎಲ್ಇಡಿ ಹಾಗಲ್ಲ. ‘ವಾರ್ಮ್ ಡಿಮ್’ ಎಂದು ಬರೆದವನ್ನು ಬಿಟ್ಟರೆ ಉಳಿದವು ಇದ್ದ ಬಣ್ಣದಲ್ಲೇ ಮಂದವಾಗುತ್ತವೆ. 6500 ಕೆಲ್ವಿನ್ ಬಿಳಿ ಬಲ್ಬು ತಗ್ಗಿಸಿದರೆ ಊಟದ ತಟ್ಟೆಯಲ್ಲಿರುವ ಅಕ್ಕಿರೊಟ್ಟಿ ಬೂದಿ ಬಣ್ಣಕ್ಕೆ ತಿರುಗಿದ ಹಾಗೆ ಕಾಣುತ್ತದೆ.

ಡಿಮ್ಮರ್ ಕೇಳುವಾಗ ‘ಎಲ್ಇಡಿಗೆ ಎಷ್ಟು ವ್ಯಾಟಿನಿಂದ ಎಷ್ಟು ವ್ಯಾಟಿನವರೆಗೆ?’ ಎಂದು ಕೇಳಿ. ನಿಮ್ಮ ಬಲ್ಬುಗಳ ಮೊತ್ತ ಆ ಎರಡರ ನಡುವೆ ಬರಬೇಕು. ತಂತಿ ಬಲ್ಬಿನ ಲೆಕ್ಕ ಮಾತ್ರ ಬರೆದಿದ್ದರೆ ಗರಿಷ್ಠದ ಹತ್ತನೇ ಒಂದು ಭಾಗವನ್ನಷ್ಟೇ ನಂಬಿ. 400 ಎಂದಿದ್ದರೆ ಎಲ್ಇಡಿಗೆ ಗರಿಷ್ಠ 40. ಕನಿಷ್ಠ ಹೊರೆಯೇ ಅದಕ್ಕಿಂತ ಜಾಸ್ತಿ ಇದ್ದರೆ, ನಮ್ಮ ಹಳೇದರ ಹಾಗೆ, ಆ ಡಿಮ್ಮರ್ ಎಲ್ಇಡಿಗೆ ಬೇಡ. ‘ಟ್ರೇಲಿಂಗ್ ಎಡ್ಜ್’ ಸಿಕ್ಕರೆ ಅದನ್ನೇ ಆರಿಸಿ. ಅದು ಅಲೆಯ ಕೊನೆಯನ್ನು ಕತ್ತರಿಸುತ್ತದೆ, ಹಾಗಾಗಿ ಕರೆಂಟು ಬಲ್ಬಿಗೆ ಮೆಲ್ಲಗೆ ಏರುತ್ತದೆ, ಗುಂಯ್ ಸದ್ದು ಕಡಿಮೆ. ಹಳೇ ಕಾಲದ ‘ಲೀಡಿಂಗ್ ಎಡ್ಜ್’ ಅಲೆಯ ಮೊದಲನ್ನು ಕತ್ತರಿಸುವುದರಿಂದ ಪ್ರತಿ ಸಲವೂ ಜರ್ಕ್ ಹೊಡೆದ ಹಾಗೆ ಕರೆಂಟು ನುಗ್ಗುತ್ತದೆ. ಬಲ್ಬಿನ ಕಂಪನಿ ಯಾವ ಡಿಮ್ಮರ್ ಹೊಂದುತ್ತದೆ ಎಂಬ ಪಟ್ಟಿ ಕೊಟ್ಟಿದ್ದರೆ ಬೇರೆ ಯೋಚನೆ ಬೇಡ, ಅದರಂತೆ ಕೊಳ್ಳಿ.

ಡಿಮ್ಮರ್ ಜೊತೆ ಒಮ್ಮೆಗೇ ಡಜನ್ ಬಲ್ಬು ತರಬೇಡಿ. ಡಿಮ್ಮರಿನ ಕನಿಷ್ಠ ಹೊರೆ ತಲುಪುವಷ್ಟು ಮಾತ್ರ ತನ್ನಿ, ಎಲ್ಲವೂ ಒಂದೇ ಕಂಪನಿ, ಒಂದೇ ಮಾಡೆಲ್ ಇರಲಿ. ಬಿಲ್ಲು ಇಟ್ಟುಕೊಳ್ಳಿ. ಪರೀಕ್ಷೆ ಮಾಡುವುದು ಸಂಜೆ 7 ಗಂಟೆ ಮೇಲೆ. ತೋಟದ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜು ಬೀಳುವುದು ಆಗಲೇ. ಹಗಲಲ್ಲಿ ಸರಿಯಾಗಿದ್ದದ್ದು ಆ ಹೊತ್ತಿಗೆ ಮಿಣುಕಬಹುದು. ಪೂರ್ತಿ ಏರಿಸಿ, ನಿಧಾನವಾಗಿ ಪೂರ್ತಿ ಇಳಿಸಿ. ಕೆಳಗಿನ ತುದಿಯಲ್ಲಿ 10 ನಿಮಿಷ ಬಿಡಿ. ಆಫ್ ಮಾಡಿ ಮತ್ತೆ ಅದೇ ಮಟ್ಟದಲ್ಲಿ ಆನ್ ಮಾಡಿ, ಹತ್ತಿಕೊಳ್ಳಬೇಕು. ಫೋನಿನ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆಯಿರಿ, ಕಣ್ಣಿಗೆ ಕಾಣದ ಮಿಣುಕು ಅದರಲ್ಲಿ ಕಪ್ಪು ಪಟ್ಟೆಯಾಗಿ ಓಡುತ್ತದೆ.

ಕೊನೆಯ ತುದಿಯಲ್ಲಷ್ಟೇ ಮಿಣುಕಿದರೆ ಗಾಬರಿ ಬೇಡ. ಕೆಲವು ಡಿಮ್ಮರ್‌ಗಳಲ್ಲಿ ಕನಿಷ್ಠ ಮಟ್ಟ ಹೊಂದಿಸುವ ಸಣ್ಣ ಸ್ಕ್ರೂ ಇರುತ್ತದೆ. ಎಲೆಕ್ಟ್ರಿಷಿಯನ್ ಅದನ್ನು ಚೂರು ತಿರುಗಿಸಿದರೆ ಸಾಕು, ಮಿಣುಕುವ ಮಟ್ಟಕ್ಕೆ ಗುಂಡಿ ಇಳಿಯುವುದೇ ಇಲ್ಲ. ನಮ್ಮ ಹಜಾರ ಸರಿಹೋದದ್ದು ಹೊಸ ಡಿಮ್ಮರ್ ಮತ್ತು ಆ ಸ್ಕ್ರೂವಿನಿಂದಲೇ.

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಮಾಮೂಲು. ಇನ್ವರ್ಟರ್ ಸ್ಕ್ವೇರ್ ವೇವ್ (ಚೌಕಾಕಾರದ ಅಲೆ ಕೊಡುವಂಥದ್ದು) ಆಗಿದ್ದರೆ ಡಿಮ್ಮರ್ ಗುಂಯ್ ಅನ್ನುತ್ತದೆ, ಬೆಳಕು ಅಲುಗಾಡುತ್ತದೆ. ಮನೆ ಕರೆಂಟಿನಂತೆ ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಇಲ್ಲದಿದ್ದರೆ ಡಿಮ್ಮರಿನ ಲೈನನ್ನು ಇನ್ವರ್ಟರಿನಿಂದ ಬೇರೆ ಮಾಡಿಸಿ. ಆ ಹೊತ್ತಿಗೆ ಹಜಾರದ ಮೂಲೆಯಲ್ಲಿ 5 ವ್ಯಾಟಿನ ಮಾಮೂಲಿ ಎಲ್ಇಡಿ ಒಂದಿದ್ದರೆ ಆಯಿತು.