ಹಳೆಯದನ್ನು ಆಫ್ ಮಾಡುವ ತನಕ ಉಳಿತಾಯ ಇಲ್ಲ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಐಟಿ ನೋಡಿಕೊಳ್ಳುತ್ತೇನೆ. ನಮ್ಮ ಸರ್ವರ್ ರೂಮಿಗೆ ಡೇಟಾ ಸೆಂಟರ್ ಅಂದರೆ ದೊಡ್ಡ ಮಾತಾದೀತು. ಎರಡು ರ‍್ಯಾಕ್, ಎರಡು ಸ್ಪ್ಲಿಟ್ ಎಸಿ, ಒಂದು ಆನ್‌ಲೈನ್ ಯುಪಿಎಸ್, ಹೊರಗೆ ಜನರೇಟರ್, ಅಷ್ಟೇ. ಆದರೆ ದೊಡ್ಡ ಡೇಟಾ ಸೆಂಟರ್‌ಗಳ ರೋಗಗಳೆಲ್ಲ ಇಲ್ಲೂ ಇದ್ದವು. ಒಟ್ಟು 14 ಸರ್ವರ್‌ಗಳು ಹಗಲೂ ರಾತ್ರಿ ಓಡುತ್ತಿದ್ದವು, ಬಹುತೇಕ ಸುಮ್ನೆ.

ಇಷ್ಟೊಂದು ಯಾಕೆ ಬಂದವು ಅಂದರೆ, ಯಾರೂ ಯೋಚಿಸಿ ತಂದದ್ದಲ್ಲ. ಇಆರ್‌ಪಿ (ಖರೀದಿ, ದಾಸ್ತಾನು, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಸಾಫ್ಟ್‌ವೇರ್) ಹಾಕಿದವರು ತಮಗೊಂದು ಪ್ರತ್ಯೇಕ ಸರ್ವರ್ ಬೇಕೆಂದರು. ಹಾಜರಾತಿ ಯಂತ್ರದವರೂ ಹಾಗೇ ಅಂದರು. ಲೆಕ್ಕಪತ್ರಕ್ಕೊಂದು, ಡ್ರಾಯಿಂಗ್ ಫೈಲುಗಳಿಗೊಂದು, ಟೆಸ್ಟಿಂಗ್ ವಿಭಾಗದ ರಿಪೋರ್ಟುಗಳಿಗೊಂದು, ವೇಬ್ರಿಡ್ಜ್‌ಗೊಂದು. ಒಂದು ಸಾಫ್ಟ್‌ವೇರ್ ಕೆಟ್ಟರೆ ಇನ್ನೊಂದಕ್ಕೆ ತೊಂದರೆ ಆಗಬಾರದು ಅನ್ನೋದು ಅವರ ವಾದ. ವಾದ ಸರಿಯೇ. ಅದಕ್ಕೆ ಬೇರೆ ಬೇರೆ ಡಬ್ಬಿ ಬೇಕಿಲ್ಲ, ಬೇರೆ ಬೇರೆ ವರ್ಚುವಲ್ ಮಷೀನ್ (ಒಂದೇ ಯಂತ್ರದೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಪ್ರತ್ಯೇಕ ಸರ್ವರ್) ಸಾಕು ಅಂತ ಯಾರೂ ಹೇಳಲಿಲ್ಲ ಅಷ್ಟೇ. ಆ ಸರ್ವರ್‌ಗಳನ್ನು ಹಾಗೆ ಕೆಲವೇ ಯಂತ್ರಗಳಿಗೆ ಇಳಿಸುವುದು ನನ್ನ ಯೋಜನೆ.

ಮೊದಲು ಅಳತೆಯ ಕೆಲಸ. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಕ್ಲಾಂಪ್ ಮೀಟರ್ ಹಿಡಿದು ಯುಪಿಎಸ್‌ನ ಒಳಬರುವ ಮತ್ತು ಹೊರಹೋಗುವ ಲೈನು, ಎಸಿಗಳ ಲೈನು ಎಲ್ಲ ನೋಡಿಕೊಟ್ಟರು. ಹೊಸ ಸರ್ವರ್‌ಗಳಲ್ಲಿ ವ್ಯಾಟ್ ಎಷ್ಟು ಅಂತ ಅವುಗಳ ಮ್ಯಾನೇಜ್‌ಮೆಂಟ್ ಪೇಜಿನಲ್ಲೇ ಕಾಣುತ್ತದೆ. ಹಳೆಯವಕ್ಕೆ ಪ್ಲಗ್ ಮೀಟರ್ ಸಿಕ್ಕಿಸಿದೆ. ಸಿಪಿಯು, ಮೆಮೊರಿ, ಡಿಸ್ಕ್ ಬಳಕೆಯನ್ನು ತಿಂಗಳ ಕೊನೆಯೂ ಸೇರುವ ಹಾಗೆ ಪೂರ್ತಿ ಒಂದು ತಿಂಗಳು ದಾಖಲಿಸಿದೆ. ತಿಂಗಳ ಮಧ್ಯದ ಒಂದು ವಾರ ನೋಡಿ ನಿರ್ಧಾರ ಮಾಡಿದರೆ ಸಂಬಳದ ದಿನ ಸಿಕ್ಕಿಬೀಳುತ್ತೇವೆ.

ಬಹಳ ಯಂತ್ರಗಳಲ್ಲಿ ಸಿಪಿಯು ಬಳಕೆ ಶೇಕಡಾ ಒಂದಂಕಿ ದಾಟಿರಲಿಲ್ಲ. ಕೆಲಸವಿಲ್ಲದೆ ಕೂತ ಸರ್ವರ್ ಕಡಿಮೆ ಕರೆಂಟ್ ತಿನ್ನುತ್ತದೆ ಅಂದುಕೊಂಡಿದ್ದರೆ ಅದು ಭ್ರಮೆ. ಗೂಗಲ್‌ನ ಬರೋಸೊ ಮತ್ತು ಹೋಲ್ಜ್ಲೆ 2007ರಲ್ಲೇ ಇದನ್ನು ಬರೆದಿದ್ದಾರೆ: ಆಗಿನ ಸರ್ವರ್‌ಗಳು ಸುಮ್ಮನೆ ಕೂತಾಗಲೂ ಪೂರ್ತಿ ದುಡಿಯುವಾಗಿನ ಅರ್ಧದಷ್ಟು ವಿದ್ಯುತ್ ಎಳೆಯುತ್ತಿದ್ದವು. ಒಬ್ಬರೇ ಪ್ರಯಾಣಿಕರಿದ್ದರೂ ಚಿಗರಿ ಬಸ್ಸಿನ ಎಸಿ ಓಡುತ್ತಲೇ ಇರುತ್ತದಲ್ಲ, ಹಾಗೆ. ಈಗಿನ ಯಂತ್ರಗಳು ಸುಧಾರಿಸಿವೆ. ಆದರೆ ನಮ್ಮ ರ‍್ಯಾಕಿನಲ್ಲಿ ಇದ್ದವು ಈಗಿನವಲ್ಲವಲ್ಲ. ಲೆಕ್ಕ ಸರಳ: 150 ವ್ಯಾಟ್ ಎಳೆಯುವ ಒಂದು ಸರ್ವರ್ ವರ್ಷವಿಡೀ ಓಡಿದರೆ 1,314 ಯೂನಿಟ್. ಅದರ ಬಿಸಿ ಹೊರಹಾಕಲು ಎಸಿ ತಿನ್ನುವುದು ಬೇರೆ. ಈ ಒಂದು ಸಾಲನ್ನು ಹೆಸ್ಕಾಂ ಬಿಲ್ಲಿನ ಪಕ್ಕ ಇಟ್ಟ ಮೇಲೆಯೇ ನಮ್ಮ ಮಾಲೀಕರು ಹೊಸ ಯಂತ್ರದ ಕೊಟೇಶನ್ ಓದಿದ್ದು.

ತಂತ್ರಜ್ಞಾನಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಯಾವ ಸರ್ವರ್ ಯಾರದು? ಮೂರು ಯಂತ್ರಗಳ ವಾರಸುದಾರರೇ ಸಿಗಲಿಲ್ಲ. ಹಾಕಿದವರು ಕೆಲಸ ಬಿಟ್ಟು ಹೋಗಿದ್ದರು. ಆಫ್ ಮಾಡೋಣವೇ ಅಂತ ಕೇಳಿದರೆ ಅಕೌಂಟ್ಸ್ ವಿಭಾಗದ ಹಿರಿಯರದ್ದು ಒಂದೇ ಉತ್ತರ: "ಇಷ್ಟು ವರ್ಷ ನಡದೈತಲ್ರಿ ಸರ, ಅದನ್ಯಾಕ ಮುಟ್ಟತೀರಿ?" ಹೀಗಿರುವಾಗ ಯಂತ್ರವನ್ನು ಆಫ್ ಮಾಡಬಾರದು, ನೆಟ್‌ವರ್ಕ್ ಕೇಬಲ್ ಮಾತ್ರ ತೆಗೆಯಬೇಕು. ಹಳೆಯ ಡಿಸ್ಕುಗಳು ವರ್ಷಗಟ್ಟಲೆ ಓಡಿ ಒಮ್ಮೆ ನಿಂತರೆ ಮತ್ತೆ ಏಳುತ್ತವೆ ಅಂತ ಖಾತ್ರಿಯಿಲ್ಲ. ಕೇಬಲ್ ತೆಗೆದು ಕಾಯುವುದು. ಯಾರಾದರೂ ಕೂಗಿದರೆ ವಾರಸುದಾರ ಸಿಕ್ಕ ಹಾಗೆ. ಯಾರೂ ಕೂಗದಿದ್ದರೂ ಅವಸರ ಬೇಡ. ತಿಂಗಳ ಕೊನೆ, ತ್ರೈಮಾಸಿಕ, ಮಾರ್ಚ್ 31, ಇಷ್ಟನ್ನೂ ದಾಟಿಸಬೇಕು. ಒಂದು ಯಂತ್ರದಲ್ಲಿ ಹಳೆಯ ಇಆರ್‌ಪಿ ಇತ್ತು. ವರ್ಷಕ್ಕೊಮ್ಮೆ ಆಡಿಟ್ ಸಮಯದಲ್ಲಿ ಮಾತ್ರ ಅದನ್ನು ಕೇಳುತ್ತಾರೆ ಅಂತ ಗೊತ್ತಾಯಿತು. ಅದೀಗ ವರ್ಚುವಲ್ ಮಷೀನ್ ಆಗಿ ಮಲಗಿದೆ. ಆಡಿಟರ್ ಬಂದಾಗ ಎಬ್ಬಿಸುತ್ತೇವೆ. ಉಳಿದ ಎರಡನ್ನು ಯಾರೂ ಕೇಳಲೇ ಇಲ್ಲ. ನನ್ನ ಪ್ರಕಾರ ಇಡೀ ಯೋಜನೆಯ ಅತಿ ಅಗ್ಗದ ಉಳಿತಾಯ ಆ ಎರಡೇ. ಒಂದು ರೂಪಾಯಿ ಹೂಡಿಕೆಯಿಲ್ಲ.

ವರ್ಚುವಲ್ ಮಷೀನ್‌ಗಳನ್ನು ಹೊರುವ ಹೋಸ್ಟ್ ಯಂತ್ರಗಳು ಎರಡು ತಗೊಂಡೆವು. ಒಂದು ಕೆಟ್ಟು ನಿಂತರೂ ಇನ್ನೊಂದು ಎಲ್ಲ ಹೊರೆಯನ್ನೂ ಹೊರಬೇಕು ಅನ್ನೋ ಲೆಕ್ಕದಲ್ಲೇ ಮೆಮೊರಿ ಹಾಕಿಸಿದೆ. ಈ ಕೆಲಸದಲ್ಲಿ ಮೊದಲು ಮುಗಿಯುವುದು ಮೆಮೊರಿ, ಸಿಪಿಯು ಅಲ್ಲ. ಸಿಪಿಯು ಒಳಗಿನ ಕೋರ್ (ಲೆಕ್ಕ ಮಾಡುವ ಘಟಕ) ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಮಾರುವವರು ಹೇಳುತ್ತಾರೆ. ವಿಂಡೋಸ್ ಸರ್ವರ್ ಲೈಸೆನ್ಸು ಕೋರ್ ಲೆಕ್ಕದಲ್ಲಿ ಬರುತ್ತದೆ, ಒಂದು ಯಂತ್ರಕ್ಕೆ ಕನಿಷ್ಠ 16 ಕೋರ್. ಅದಕ್ಕೇ ನಾನು 16 ಕೋರಿಗೇ ನಿಂತೆ, ವೇಗ ಜಾಸ್ತಿ ಇರುವುದನ್ನು ಆರಿಸಿದೆ. ಸ್ಟ್ಯಾಂಡರ್ಡ್ ಲೈಸೆನ್ಸಿನಲ್ಲಿ ಎರಡು ವಿಂಡೋಸ್ ವರ್ಚುವಲ್ ಮಷೀನ್‌ಗೆ ಮಾತ್ರ ಹಕ್ಕು. ಮಷೀನ್ ಆ ಕಡೆಯಿಂದ ಈ ಕಡೆ ಓಡಾಡಬೇಕಾದರೆ ಎರಡೂ ಹೋಸ್ಟಿನಲ್ಲಿ ಲೈಸೆನ್ಸ್ ಇರಬೇಕು. ಇದನ್ನು ಮೊದಲೇ ಕೂಡಿ ಕಳೆದು ನೋಡದಿದ್ದರೆ ಕರೆಂಟಿನಲ್ಲಿ ಉಳಿಸಿದ್ದು ಲೈಸೆನ್ಸಿಗೆ ಹೋಗುತ್ತದೆ.

ಹೈಪರ್‌ವೈಸರ್, ಅಂದರೆ ವರ್ಚುವಲ್ ಮಷೀನ್‌ಗಳನ್ನು ಓಡಿಸುವ ಸಾಫ್ಟ್‌ವೇರ್ ವಿಚಾರಕ್ಕೆ ಬಂದರೆ, ಕೆಲವು ವರ್ಷ ಹಿಂದೆ ಕೇಳಿದ್ದರೆ ಕಣ್ಣುಮುಚ್ಚಿ ವಿಎಂವೇರ್ ಅನ್ನುತ್ತಿದ್ದೆ. 2023ರ ನವೆಂಬರಿನಲ್ಲಿ ಅದನ್ನು ಬ್ರಾಡ್‌ಕಾಮ್ ಕೊಂಡ ಮೇಲೆ ಒಮ್ಮೆ ಕೊಂಡು ಶಾಶ್ವತವಾಗಿ ಬಳಸುವ ಲೈಸೆನ್ಸ್ ನಿಂತು, ಎಲ್ಲ ಚಂದಾ ಪದ್ಧತಿಗೆ ಹೋಯಿತು. ನಮ್ಮಂಥವರಿಗೆ ಅದು ಭಾರ. ಪ್ರಾಕ್ಸ್‌ಮಾಕ್ಸ್ ಆರಿಸಿದೆ. ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು, ಒಳಗಿರುವುದು 2007ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇರುವ ಕೆವಿಎಂ ಎಂಬ ವರ್ಚುವಲೈಸೇಶನ್ ಭಾಗ. ಕೆಲಸ ಯಾರು ಮುಂದುವರಿಸಬೇಕು ಅನ್ನೋದನ್ನು ಹೋಸ್ಟ್‌ಗಳು ಮತ ಹಾಕಿ ತೀರ್ಮಾನಿಸುತ್ತವೆ. ಎರಡೇ ಹೋಸ್ಟ್ ಇದ್ದರೆ ಒಂದು ಹೋದಾಗ ಬಹುಮತ ಸಿಗುವುದಿಲ್ಲ. ಮೂರನೇ ಮತಕ್ಕೆ ಒಂದು ರಾಸ್ಪ್‌ಬೆರಿ ಪೈ ಇಟ್ಟಿದ್ದೇನೆ. ಅಂಗೈಯಗಲದ ಆ ಬೋರ್ಡು ತಿನ್ನುವುದು ಕೆಲವೇ ವ್ಯಾಟ್.

ಸ್ಥಳಾಂತರ ಭಾನುವಾರಗಳಲ್ಲಿ ನಡೆಯಿತು. ವಿಂಡೋಸ್ ಯಂತ್ರಗಳ ಡಿಸ್ಕನ್ನು ಇದ್ದ ಹಾಗೇ ಇಮೇಜ್ ಮಾಡಿ ತಂದಾಗ, ನೇರ ವರ್ಟಿಯೋ ಡಿಸ್ಕಿನಿಂದ (ವರ್ಚುವಲ್ ಮಷೀನ್‌ಗೆಂದೇ ಇರುವ ಬಗೆ, ಅದರ ಡ್ರೈವರ್ ವಿಂಡೋಸ್‌ನಲ್ಲಿ ಇರುವುದಿಲ್ಲ) ಬೂಟ್ ಮಾಡಿದರೆ ನೀಲಿ ಪರದೆ ಬರುತ್ತದೆ. ಮೊದಲು ಸಾಟಾ ಡಿಸ್ಕಾಗಿ ತೋರಿಸಿ ಬೂಟ್ ಮಾಡಬೇಕು. ಪಕ್ಕದಲ್ಲೊಂದು ಪುಟ್ಟ ಖಾಲಿ ವರ್ಟಿಯೋ ಡಿಸ್ಕ್ ಸೇರಿಸಿ ಡ್ರೈವರ್ ಹಾಕಿ, ಆಮೇಲೆ ಬದಲಿಸಬೇಕು. ಎಲ್ಲರ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರನ್ನು ಮಾತ್ರ ನಕಲು ಮಾಡಬೇಡಿ. ಹೊಸದೊಂದನ್ನು ನಿಲ್ಲಿಸಿ, ಮಾಹಿತಿ ಹಂಚಿಕೆಯಾದ ಮೇಲೆ ಹಳೆಯದನ್ನು ಇಳಿಸುವುದೇ ಸುರಕ್ಷಿತ. ವೇಬ್ರಿಡ್ಜ್ ಯಂತ್ರವನ್ನು ಮುಟ್ಟಲೇ ಇಲ್ಲ. ಅದಕ್ಕೆ ಸೀರಿಯಲ್ ಪೋರ್ಟ್ ಬೇಕು. ಸಿಸಿಟಿವಿ ರೆಕಾರ್ಡರ್ ಕೂಡ ತನ್ನ ಜಾಗದಲ್ಲೇ ಇದೆ, ದಿನವಿಡೀ ಡಿಸ್ಕಿಗೆ ಬರೆಯುವ ಯಂತ್ರವನ್ನು ಎಲ್ಲರ ಜೊತೆ ಕೂರಿಸುವುದು ಬೇಡ ಅನ್ನಿಸಿತು. ಲೈಸೆನ್ಸಿನ ಕೀಲಿಯಾಗಿ ಯುಎಸ್‌ಬಿ ಡಾಂಗಲ್ ಬೇಡುವ ಒಂದು ಸಾಫ್ಟ್‌ವೇರ್ ಹೋಸ್ಟಿನ ಮೇಲಿದೆ, ಆದರೆ ಡಾಂಗಲ್ ಇರುವ ಹೋಸ್ಟಿಗೇ ಕಟ್ಟಿಹಾಕಿದಂತೆ.

ಎಲ್ಲ ಮುಗಿದ ಮೇಲೆ ಬಂದ ಮೊದಲ ಬಿಲ್ಲು ಕಡಿಮೆಯಾಗಲಿಲ್ಲ. ಕಾರಣ ಗೊತ್ತಿದ್ದದ್ದೇ. ತೊಂದರೆ ಬಂದರೆ ಇರಲಿ ಅಂತ ಹಳೆಯ ಸರ್ವರ್‌ಗಳನ್ನೂ ಆನ್ ಇಟ್ಟಿದ್ದೆವು. ಹೊಸವೂ ಓಡುತ್ತಿದ್ದವು, ಹಳೆಯವೂ ಓಡುತ್ತಿದ್ದವು. ವರ್ಚುವಲೈಸೇಶನ್ ಕರೆಂಟ್ ಉಳಿಸುತ್ತದೆ ಅಂತ ಹೇಳುವವರು ಈ ಮಾತನ್ನು ನುಂಗಿಬಿಡುತ್ತಾರೆ. ಪ್ರತಿ ಯಂತ್ರಕ್ಕೂ ಒಂದು ತಾರೀಖು ಬರೆದು ಅಂಟಿಸಿ, ಅಂದು ಪ್ಲಗ್ ಕಿತ್ತೆ.

ಇನ್ನೊಂದು ತಮಾಷೆ ಪಿಯುಇಯದು. ರೂಮಿಗೆ ಬಂದ ಒಟ್ಟು ವಿದ್ಯುತ್ತನ್ನು ಸರ್ವರ್‌ಗಳು ತಿಂದ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಗ್ರೀನ್ ಗ್ರಿಡ್ ಸಂಸ್ಥೆ ಚಾಲ್ತಿಗೆ ತಂದದ್ದು. 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ಸರ್ವರ್ ಕಡಿಮೆ ಮಾಡಿದ ಮೇಲೆ ನಮ್ಮ ಪಿಯುಇ ಕೆಟ್ಟಿತು! ಕೆಳಗಿನ ಅಂಕಿ, ಅಂದರೆ ಸರ್ವರ್‌ಗಳು ತಿನ್ನುವುದು, ಇಳಿಯಿತು, ಎಸಿ ಮತ್ತು ಯುಪಿಎಸ್ ಮೊದಲಿನಷ್ಟೇ ತಿನ್ನುತ್ತಿದ್ದವು. ಪಿಯುಇ ಒಂದನ್ನೇ ನೋಡುವವರು ನನ್ನ ಕೆಲಸ ಹಾಳಾಯಿತು ಅನ್ನುತ್ತಿದ್ದರು. ಅದು ನಿಜಕ್ಕೂ ಹೇಳುತ್ತಿದ್ದದ್ದು ಬೇರೆ: ಮುಂದಿನ ಕೆಲಸ ತಂಪು ಮಾಡುವ ಕಡೆ ಇದೆ.

ಎಸಿಗಳು 18ಕ್ಕೆ ಇದ್ದವು. ಯಾಕೆ ಅಂದರೆ ಯಾರಿಗೂ ಗೊತ್ತಿಲ್ಲ, ಮೊದಲಿನಿಂದ ಹಾಗೇ. ಹವಾನಿಯಂತ್ರಣ ಎಂಜಿನಿಯರುಗಳ ಆಶ್ರೇ ಸಂಸ್ಥೆಯ ಶಿಫಾರಸು 18ರಿಂದ 27 ಡಿಗ್ರಿ, ಅದೂ ಸರ್ವರ್‌ ಮುಂಭಾಗದಲ್ಲಿ ಒಳಹೋಗುವ ಗಾಳಿಗೆ, ಇಡೀ ರೂಮಿಗಲ್ಲ. ರ‍್ಯಾಕಿನ ಮುಂದೆ ಮೇಲೆ, ನಡುವೆ, ಕೆಳಗೆ ಥರ್ಮಾಮೀಟರ್ ಕಟ್ಟಿದೆ. ಖಾಲಿಯಾದ ಜಾಗಗಳಿಗೆ ಬ್ಲ್ಯಾಂಕಿಂಗ್ ಪ್ಯಾನೆಲ್ ಹಾಕಿಸಿದೆ. ಇಲ್ಲದಿದ್ದರೆ ಹಿಂದಿನ ಬಿಸಿಗಾಳಿ ಆ ಸಂದಿಯಿಂದ ಮುಂದೆ ಬರುತ್ತದೆ. ಆಮೇಲೆ ಒಂದೊಂದೇ ಡಿಗ್ರಿ ಏರಿಸುತ್ತಾ 25ಕ್ಕೆ ನಿಂತೆವು. ಈಗ ಒಂದು ಎಸಿ ಸಾಕು, ಇನ್ನೊಂದು ಪಾಳಿ ಬದಲಿಸುತ್ತದೆ. ಧಾರವಾಡದ ಗೆಳೆಯರೊಬ್ಬರು, ಡಿಸೆಂಬರ್ ರಾತ್ರಿ ಇಷ್ಟು ತಂಪಿರುವಾಗ ಎಕ್ಸಾಸ್ಟ್ ಹಾಕಿ ಕಿಟಕಿ ತೆಗೆದಿಡಿ ಅಂದರು. ಧಾರವಾಡದಲ್ಲಿ ಆದೀತೇನೋ. ಫೌಂಡ್ರಿ ಮತ್ತು ಗ್ರೈಂಡಿಂಗ್ ಧೂಳಿನ ನಡುವೆ ಅದು ಬೇಡ. ಕಬ್ಬಿಣದ ಪುಡಿ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂತರೆ ಉಳಿಸಿದ್ದೆಲ್ಲ ರಿಪೇರಿಗೆ ಹೋಗುತ್ತದೆ.

ಬಯೋಸ್‌ನ ಪವರ್ ಸೆಟ್ಟಿಂಗ್ ಬದಲಿಸುವುದು ಚಿಕ್ಕ ಉಳಿತಾಯ. ಗರಿಷ್ಠ ವೇಗದ ಪ್ರೊಫೈಲ್ ಬಿಟ್ಟು ನಿಯಂತ್ರಣವನ್ನು ಆಪರೇಟಿಂಗ್ ಸಿಸ್ಟಂಗೆ ಕೊಟ್ಟೆ. ಇಆರ್‌ಪಿ ಬಳಸುವವರಿಗೆ ವ್ಯತ್ಯಾಸ ತಿಳಿಯಲಿಲ್ಲ. ರಾತ್ರಿ ಎಲ್ಲವನ್ನೂ ಒಂದೇ ಹೋಸ್ಟಿಗೆ ಸರಿಸಿ ಇನ್ನೊಂದನ್ನು ಮಲಗಿಸುವ ಪದ್ಧತಿಯೂ ಇದೆ. ಹತ್ತಾರು ಹೋಸ್ಟ್ ಇರುವ ಕಡೆ ಚೆನ್ನ. ಎರಡೇ ಇರುವಲ್ಲಿ ಆಸರೆಯನ್ನೇ ಮಲಗಿಸಿದ ಹಾಗಾಗುತ್ತದೆ, ನಾನು ಮಾಡಲಿಲ್ಲ.

ಮಾಲೀಕರಿಗೆ ಬಿಲ್ಲಿಗಿಂತ ಖುಷಿ ಕೊಟ್ಟದ್ದು ಯುಪಿಎಸ್. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಲೋಡ್ ಅರ್ಧವಾದರೆ ಬ್ಯಾಕಪ್ ಸಮಯ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಲೈನ್ ಹೋದಾಗ ಜನರೇಟರ್ ಏಳುವುದು ತಡವಾದರೆ ಮೊದಲು ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಮೂರು ಸಲ ಪ್ರಯತ್ನಿಸುವಷ್ಟು ಸಮಯ ಇರುತ್ತದೆ. ಅದೂ ಮೀರಿದರೆ ವರ್ಚುವಲ್ ಮಷೀನ್‌ಗಳು ತಾವಾಗಿ ಸಾಲಾಗಿ ಮುಚ್ಚಿಕೊಳ್ಳುತ್ತವೆ, ಡೇಟಾಬೇಸ್ ಬಳಸುವವು ಮೊದಲು, ಡೇಟಾಬೇಸ್ ಆಮೇಲೆ. ಆದರೆ ಯುಪಿಎಸ್ ನಮ್ಮ ಈಗಿನ ಲೋಡಿಗೆ ದೊಡ್ಡದಾಯಿತು, ಕಡಿಮೆ ಲೋಡಿನಲ್ಲಿ ಅದರ ದಕ್ಷತೆ ಇಳಿಯುತ್ತದೆ. ಬ್ಯಾಟರಿ ಬದಲಿಸುವ ಹೊತ್ತಿಗೆ ಚಿಕ್ಕದು ತರುವ ಪ್ರಸ್ತಾಪ ಮೇಜಿನ ಮೇಲಿದೆ.

ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಲಿಲ್ಲ. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಕೊಟ್ಟೆವು. ಅದಕ್ಕೂ ಮೊದಲು ಡಿಸ್ಕುಗಳನ್ನೆಲ್ಲ ನಮ್ಮ ಮಷೀನ್ ಶಾಪಿಗೆ ಒಯ್ದು, ವಾಲ್ವ್ ಫ್ಲ್ಯಾಂಜಿಗೆ ತೂತು ಹೊಡೆಯುವ ಡ್ರಿಲ್ಲಿನಲ್ಲೇ ತೂತು ಹೊಡೆಸಿದೆ.