ಬೇರೆಯವರ ಅಂಗಳದಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವುದು ಹೇಗೆ

ಜನರ ಫೋಟೊ ತೆಗೆಯುವ ಕೆಲಸ ಕಲಿಯಬೇಕೆಂದು ಬರುವವರು ಮೊದಲು ಕೇಳುವುದು, ಯಾವ ಕ್ಯಾಮೆರಾ ಕೊಳ್ಳಲಿ ಅಂತ. ಕೈಯಲ್ಲಿರುವುದೇ ಸಾಕು ಅಂದರೆ ನಂಬುವುದಿಲ್ಲ. ಹಾಗಾಗಿ ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. 35 ಎಂ.ಎಂ. ಅಥವಾ 50 ಎಂ.ಎಂ.ನ ಒಂದೇ ಒಂದು ಲೆನ್ಸ್ ಇಟ್ಟುಕೊಳ್ಳಿ (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಜೂಮ್ ಬೇಡ. 35ರಲ್ಲಿ ಒಬ್ಬರ ಮುಖ ತುಸು ದೊಡ್ಡದಾಗಿ ಕಾಣಬೇಕೆಂದರೆ ನೀವು ಮಾತಾಡುವಷ್ಟು ಹತ್ತಿರ ಹೋಗಲೇಬೇಕು, ಹತ್ತಿರ ಹೋದಮೇಲೆ ಮಾತಾಡಲೇಬೇಕು. ರಸ್ತೆಯಾಚೆಯಿಂದ 200 ಎಂ.ಎಂ.ನಲ್ಲಿ ಎಳೆದುಕೊಂಡ ಮುಖ ಎಷ್ಟೇ ಚೆನ್ನಾಗಿರಲಿ, ಅಲ್ಲಿ ಇಬ್ಬರ ನಡುವೆ ಏನೂ ನಡೆದಿಲ್ಲ ಅನ್ನುವುದು ನೋಡಿದವರಿಗೆ ಗೊತ್ತಾಗಿಬಿಡುತ್ತದೆ.

ಮೊದಲ ದಿನ ಕ್ಯಾಮೆರಾ ಬಿಟ್ಟು ಹೋಗಿ, ಸ್ನೇಹ ಬೆಳೆಸಿ, ಆಮೇಲೆ ತೆಗೆಯಿರಿ ಎಂದು ಬೋಧಿಸುವವರು ಇದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಸ್ನೇಹಿತರಂತೆ ಬಂದು ನಾಲ್ಕನೇ ದಿನ ಚೀಲದಿಂದ ಕ್ಯಾಮೆರಾ ಹೊರತೆಗೆದರೆ, ಹಿಂದಿನ ಮೂರು ದಿನದ ಮಾತಿಗೆಲ್ಲ ಬೇರೆ ಅರ್ಥ ಬರುತ್ತದೆ. ಕ್ಯಾಮೆರಾ ಮೊದಲ ದಿನದಿಂದಲೇ ಹೆಗಲ ಮೇಲೆ ಕಾಣುವಂತೆ ಇರಲಿ. ತೆಗೆಯಲು ಅವಸರ ಬೇಡ, ಆದರೆ ಏಕೆ ಬಂದಿದ್ದೀರಿ ಅನ್ನುವುದು ಗುಟ್ಟಾಗಿರಬಾರದು.

ಒಂದು ಸಮುದಾಯದೊಳಗೆ ಹೋಗಲು ಪರಿಚಯದವರು ಒಬ್ಬರು ಬೇಕೇ ಬೇಕು. ಸಾಮಾನ್ಯವಾಗಿ ಸಿಗುವುದು ಅಲ್ಲಿನ ಮುಖಂಡ. ಅವನು ಒಳ್ಳೆಯವನೇ ಇರಬಹುದು, ಆದರೆ ತನಗೆ ಬೇಕಾದ ಮನೆಗಳನ್ನಷ್ಟೇ ತೋರಿಸುತ್ತಾನೆ. ಹಾಗಾಗಿ ಮನೆ ಮನೆಗೆ ಹೋಗುವ ಇನ್ನೊಬ್ಬರನ್ನು, ಆರೋಗ್ಯ ಕಾರ್ಯಕರ್ತೆಯನ್ನೋ ಶಾಲೆಯ ಶಿಕ್ಷಕಿಯನ್ನೋ, ಜೊತೆಗೆ ಹುಡುಕಿಕೊಳ್ಳಿ. ಭಾಷೆ ಬಾರದ ಕಡೆ ದುಭಾಷಿ ಯಾರು ಅನ್ನುವುದು ಇನ್ನೂ ಮುಖ್ಯ. ಗಂಡನೇ ದುಭಾಷಿಯಾದರೆ ಹೆಂಡತಿಯ ಉತ್ತರ ನಿಮಗೆ ಸಿಗುವುದಿಲ್ಲ.

ಒಪ್ಪಿಗೆ ಕೇಳುವಾಗ ‘ಒಂದು ಫೋಟೊ ತೆಗೀಲಾ?’ ಅಂದರೆ ಸಾಲದು. ಆ ಫೋಟೊ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕು: ಪತ್ರಿಕೆಗೋ, ಪ್ರದರ್ಶನಕ್ಕೋ, ಇಂಟರ್ನೆಟ್ಟಿಗೋ. ಮೊಬೈಲಿನಲ್ಲಿ ಒಂದು ಉದಾಹರಣೆ ತೋರಿಸಿ, ‘ಹೀಗೆ ಬರುತ್ತೆ, ಯಾರು ಬೇಕಾದರೂ ನೋಡಬಹುದು’ ಅನ್ನಿ. ಓದಲು ಬಾರದವರಿಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಅವರದೇ ಭಾಷೆಯಲ್ಲಿ ವಿವರಿಸಿ, ಅವರ ಉತ್ತರವನ್ನು ಧ್ವನಿಮುದ್ರಣ ಮಾಡಿಕೊಳ್ಳುತ್ತೇನೆ. ತೆಗೆದ ಮೇಲೆ ತೋರಿಸಿ ಇನ್ನೊಮ್ಮೆ ಕೇಳುತ್ತೇನೆ, ಏಕೆಂದರೆ ಮೊದಲ ‘ಹೂಂ’ ಎಷ್ಟೋ ಸಲ ದಾಕ್ಷಿಣ್ಯದ್ದು. ಮಕ್ಕಳಾದರೆ ಹೆತ್ತವರ ಒಪ್ಪಿಗೆಯೂ ಬೇಕು, ಮಗುವಿನದೂ ಬೇಕು. ಊರು ಬಿಟ್ಟು ಓಡಿಬಂದವರ ಫೋಟೊ ತೆಗೆಯುವಾಗ ಕ್ಯಾಮೆರಾ, ಮೊಬೈಲು ಎರಡರಲ್ಲೂ ಜಿಪಿಎಸ್ ಆರಿಸಿ. ಮುಖ ಮರೆಮಾಡಿದರೂ ಫೈಲಿನೊಳಗೆ ವಿಳಾಸ ಉಳಿದರೆ ಏನು ಬಂತು?

ಇನ್ನು ಬೆಳಕು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರು ತಾನು ಕಂಡದ್ದನ್ನೆಲ್ಲ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ಮೈಬಣ್ಣದವರು ಸುಣ್ಣದ ಗೋಡೆಯ ಮುಂದೆ ನಿಂತರೆ ಮೀಟರು ಗೋಡೆಯನ್ನು ನೋಡಿ ಬೆಳಕು ತಗ್ಗಿಸುತ್ತದೆ, ಮುಖ ಕತ್ತಲಾಗುತ್ತದೆ. ಎಕ್ಸ್‌ಪೋಷರನ್ನು (ಒಳಗೆ ಬೀಳುವ ಬೆಳಕನ್ನು) ಮುಕ್ಕಾಲರಿಂದ ಒಂದು ಸ್ಟಾಪು ಏರಿಸಿ (ಒಂದು ಸ್ಟಾಪು ಅಂದರೆ ಬೆಳಕು ಎರಡರಷ್ಟು), ಅಥವಾ ಗೋಡೆಯನ್ನೇ ಬದಲಿಸಿ. ಬೇರೆ ಬೇರೆ ಮೈಬಣ್ಣದವರು ಒಟ್ಟಿಗಿದ್ದರೆ ಕಪ್ಪಗಿರುವವರನ್ನು ಕಿಟಕಿಯ ಹತ್ತಿರ ಕೂರಿಸಿ. ಇದು ಸಣ್ಣ ವಿಷಯವಲ್ಲ. ಫಿಲ್ಮ್ ಕಾಲದಲ್ಲಿ ಬಣ್ಣ ಹೊಂದಿಸಿಕೊಳ್ಳಲೆಂದು ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಅದಕ್ಕೆ ಹೊಂದದ ಕಪ್ಪು ಮುಖಗಳು ಎಷ್ಟೋ ಸಲ ಮಸಿಯಂತೆ ಬರುತ್ತಿದ್ದವು.

ಫೋಟೊದಲ್ಲಿರುವವರಿಗೆ ಪ್ರಿಂಟು ತಂದುಕೊಡಿ. ಫೋನಿಗೆ ಕಳಿಸಿದರೆ ಆಗುವುದಿಲ್ಲ, ಕಾಗದದ ಮೇಲೆ ಕೊಡಬೇಕು. ಇದನ್ನು ಉಪಕಾರ ಅಂದುಕೊಳ್ಳಬೇಡಿ, ನಿಮ್ಮ ಕೆಲಸದ ಅರ್ಧ ಇಲ್ಲೇ ಆಗುವುದು. ಗುಡಿಸಲುಗಳ ಸಾಲಿನಲ್ಲಿದ್ದ ಒಬ್ಬ ಅಜ್ಜಿಗೆ ಹೀಗೆಯೇ ಪ್ರಿಂಟು ಕೊಟ್ಟೆ. ಆಕೆ ತನ್ನ ಮುಖವನ್ನು ನೋಡಲೇ ಇಲ್ಲ. ಹಿಂದೆ ಹಗ್ಗದ ಮೇಲೆ ಒಣಹಾಕಿದ್ದ ಹರಕು ಬಟ್ಟೆಗಳ ಮೇಲೆ ಬೆರಳಿಟ್ಟು, ‘ಇದನ್ನ ತೆಗೆದಿಡವ್ವಾ ಅಂತ ಒಂದು ಮಾತು ಹೇಳಬಾರದಿತ್ತಾ ನೀನು?’ ಎಂದು ಗದರಿದಳು. ನನ್ನ ಕಣ್ಣಿಗೆ ಆ ಬಟ್ಟೆಗಳೇ ಚಿತ್ರದ ಜೀವ. ಆಕೆಗೆ ಅದು ಮಾನದ ಪ್ರಶ್ನೆ. ಹಗ್ಗದ ಮೇಲಿನ ಬಟ್ಟೆ ತೆಗೆದಿಟ್ಟು, ಬಾಗಿಲ ಪಕ್ಕ ಕುರ್ಚಿ ಹಾಕಿ, ಎರಡೂ ಕೈ ಮೊಣಕಾಲ ಮೇಲಿಟ್ಟು ಮತ್ತೆ ಕೂತಳು. ಎರಡನೆಯ ಚಿತ್ರ ನೋಡಲು ಸ್ವಲ್ಪ ಬಿಗಿ ಅನ್ನಿಸುತ್ತದೆ. ಪ್ರದರ್ಶನಕ್ಕೆ ಇಟ್ಟದ್ದು ಅದನ್ನೇ.

ಹಾಗಾದರೆ ಫ್ರೇಮಿನಿಂದ ಏನು ಬೇಕಾದರೂ ತೆಗೆಯಬಹುದೇ? ಅಮೆರಿಕದ ಎಡ್ವರ್ಡ್ ಕರ್ಟಿಸ್ 1910ರ ಸುಮಾರಿಗೆ ಅಲ್ಲಿನ ಮೂಲನಿವಾಸಿಗಳಾದ ಪೀಗನ್ ಬುಡಕಟ್ಟಿನ ಇಬ್ಬರನ್ನು ಅವರ ಗುಡಾರದೊಳಗೆ ಕೂರಿಸಿ ತೆಗೆದ ಚಿತ್ರವೊಂದಿದೆ. ಮೂಲ ನೆಗೆಟಿವ್‌ನಲ್ಲಿ ಇಬ್ಬರ ನಡುವೆ ಗಡಿಯಾರವೊಂದು ಕಾಣುತ್ತದೆ. ಅಚ್ಚಾದ ಚಿತ್ರದಲ್ಲಿ ಅದು ಮಾಯ. ಅವರು ‘ಹಳೆಯ ಕಾಲದವರಾಗಿ’ ಕಾಣಬೇಕಿತ್ತು, ಗಡಿಯಾರ ಅಡ್ಡ ಬಂತು. ಅಜ್ಜಿ ಹಗ್ಗದ ಬಟ್ಟೆ ತೆಗೆದಿಟ್ಟದ್ದಕ್ಕೂ ಕರ್ಟಿಸ್ ಆ ಇಬ್ಬರ ಗಡಿಯಾರ ಅಳಿಸಿದ್ದಕ್ಕೂ ಇರುವ ವ್ಯತ್ಯಾಸ ಗೊತ್ತಾದರೆ ನನ್ನ ಪಾಠ ಬಹುಪಾಲು ಮುಗಿದಂತೆ. ಕೂತವರು ತಮ್ಮ ಮನೆಯನ್ನು ತಮಗೆ ಬೇಕಾದಂತೆ ಜೋಡಿಸಿಕೊಳ್ಳಲಿ. ನೀವು ಮುಟ್ಟಬೇಡಿ. ‘ಸಾಂಪ್ರದಾಯಿಕ ಉಡುಪು ಹಾಕಿಕೊಂಡು ಬನ್ನಿ’ ಎಂದು ಕೇಳುವುದಂತೂ ಬೇಡವೇ ಬೇಡ.

ಹೆಸರು ಬರೆದುಕೊಳ್ಳಿ, ಆ ಕ್ಷಣದಲ್ಲೇ. ಅಮೆರಿಕದ ಫೋಟೊಗ್ರಾಫರ್ ಡೊರೊಥಿಯಾ ಲಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಮಕ್ಕಳೊಂದಿಗೆ ಕೂತ ತಾಯಿಯ ಚಿತ್ರ ತೆಗೆದಾಗ ಆಕೆಯ ವಯಸ್ಸು 32 ಎಂದು ದಾಖಲಿಸಿದರು, ಹೆಸರು ಕೇಳಲಿಲ್ಲ. ಜಗತ್ತೆಲ್ಲ ನೋಡಿದ ಆ ಮುಖ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅವರದು ಎಂದು ಹೊರಬಿದ್ದದ್ದು 1978ರಲ್ಲಿ. ಹೆಸರು ಹೇಗೆ ಉಚ್ಚರಿಸಬೇಕು, ತಮ್ಮ ಬಗ್ಗೆ ಏನೆಂದು ಬರೆಯಬೇಕು ಅಂತ ಅವರನ್ನೇ ಕೇಳಿ. ‘ಕೂಲಿ’ ಎಂದು ನೀವು ಬರೆದವರು ತಮ್ಮನ್ನು ಹಾಡುಗಾರ ಎಂದು ಕರೆದುಕೊಳ್ಳುತ್ತಿರಬಹುದು. ಕ್ಯಾಪ್ಶನ್ನನ್ನು ಅದೇ ರಾತ್ರಿ ಫೈಲಿನ ಮೆಟಾಡೇಟಾದಲ್ಲೇ (ಚಿತ್ರದ ಫೈಲಿನೊಳಗೆ ಬರೆದಿಡುವ ವಿವರ) ತುಂಬಿಬಿಡಿ. ನೋಟ್‌ಬುಕ್ಕು ಕಳೆದುಹೋಗುತ್ತದೆ, ಫೈಲಿನೊಳಗಿನ ಹೆಸರು ಚಿತ್ರದ ಜೊತೆಗೇ ಹೋಗುತ್ತದೆ. ಮೂರು ಪ್ರತಿ ಇಡಿ, ಅದರಲ್ಲೊಂದು ಬೇರೆ ಕಟ್ಟಡದಲ್ಲಿರಲಿ.

ಒಂದೇ ಚಿತ್ರದಿಂದ ಸಮಾಧಾನ ಪಡಬೇಡಿ. ಅಮೆರಿಕದ ಫೋಟೊಗ್ರಾಫರ್ ಗಾರ್ಡನ್ ಪಾರ್ಕ್ಸ್ 1942ರಲ್ಲಿ ವಾಷಿಂಗ್ಟನ್ನಿನ ಸರಕಾರಿ ಕಟ್ಟಡವೊಂದರಲ್ಲಿ ಕಸ ಗುಡಿಸುತ್ತಿದ್ದ ಎಲಾ ವಾಟ್ಸನ್ ಎಂಬಾಕೆಯನ್ನು ಪೊರಕೆಯೊಂದಿಗೆ ನಿಲ್ಲಿಸಿ ತೆಗೆದ ಚಿತ್ರ ಪ್ರಸಿದ್ಧ. ಆದರೆ ಅವರು ಆಕೆಯ ಮನೆಗೆ, ಮೊಮ್ಮಕ್ಕಳ ಬಳಿಗೆ, ಚರ್ಚಿಗೆ ಹೋಗಿ ತೆಗೆದ ಉಳಿದ ಚಿತ್ರಗಳನ್ನು ಜೊತೆಗಿಟ್ಟು ನೋಡಿ. ಪೊರಕೆಯ ಚಿತ್ರ ಆಗ ಬೇರೆಯದೇ ಆಗುತ್ತದೆ.

ದುಡ್ಡಿನ ವಿಷಯ ಕೇಳುತ್ತೀರಿ, ಗೊತ್ತು. ಬರೀ ಇದರಿಂದ ಮನೆ ನಡೆಯುವುದು ಕಷ್ಟ. ಅಮೆರಿಕದ ಬಫಲೊ ನಗರದ ಫೋಟೊಗ್ರಾಫರ್ ಮಿಲ್ಟನ್ ರೊಗೊವಿನ್ ಹೊಟ್ಟೆಪಾಡಿಗೆ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುತ್ತಿದ್ದವರು. 1972ರಲ್ಲಿ ತಮ್ಮದೇ ನಗರದ ಬಡ ಬಡಾವಣೆಯೊಂದರ ಜನರ ಫೋಟೊ ತೆಗೆಯಲು ತೊಡಗಿ, ದಶಕಗಳುದ್ದಕ್ಕೂ ಅದೇ ಕುಟುಂಬಗಳ ಬಳಿ ಮರಳಿ ಹೋದರು. ಮದುವೆ ಫೋಟೊ, ಸಂಸ್ಥೆಗಳ ವರದಿಗೆ ಚಿತ್ರ, ಪಾಠ ಹೇಳುವುದು, ಯಾವುದಾದರೂ ಆದೀತು. ಸಂಸ್ಥೆಗೆ ಕೆಲಸ ಮಾಡುವಾಗ ಚಿತ್ರದ ಹಕ್ಕು ಯಾರದು, ಎಷ್ಟು ವರ್ಷ, ದೇಣಿಗೆಯ ಜಾಹೀರಾತಿಗೆ ಬಳಸಬಹುದೇ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ವರದಿಗೆಂದು ಒಪ್ಪಿದವರ ಮುಖ ಬೀದಿಯ ಹೋರ್ಡಿಂಗಿನಲ್ಲಿ ‘ಸಹಾಯ ಮಾಡಿ’ ಎಂಬ ಸಾಲಿನ ಮೇಲೆ ಕಂಡರೆ, ಅವರು ಬಂದು ಕೇಳುವುದು ನಿಮ್ಮನ್ನೇ.

ವರ್ಷಗಳಾದ ಮೇಲೆ ಯಾರಾದರೂ ಬಂದು ‘ಆ ಫೋಟೊ ಬೇಡ’ ಅನ್ನಬಹುದು. ಮದುವೆ ಮುರಿದಿರುತ್ತದೆ, ಹೊಸ ಕೆಲಸ ಸಿಕ್ಕಿರುತ್ತದೆ, ಅಥವಾ ಸುಮ್ಮನೆ ಬೇಡವಾಗಿರುತ್ತದೆ. ಕಾರಣ ಕೇಳದೆ ವೆಬ್‌ಸೈಟಿನಿಂದ, ಪ್ರದರ್ಶನದಿಂದ ತೆಗೆದುಬಿಡುತ್ತೇನೆ. ಅಚ್ಚಾದ ಪುಸ್ತಕದಿಂದ ತೆಗೆಯಲಾಗುವುದಿಲ್ಲ, ಅದನ್ನು ಮೊದಲ ದಿನ ಒಪ್ಪಿಗೆ ಕೇಳುವಾಗಲೇ ಹೇಳಿರಬೇಕು.