ಪುಷ್ಯ ಮಳೆಯಲ್ಲಿ ಸೈರನ್ ಕೇಳಿಸುತ್ತದೆಯೇ?

ಸೌದೆ ಕೊಟ್ಟಿಗೆ ಸೇರಿ, ಹಪ್ಪಳ ಸಂಡಿಗೆ ಡಬ್ಬಿಗೆ ಬಿದ್ದು, ಹೆಂಚು ಕೈಯಾಡಿಸಿದ್ದಾಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತಯಾರಿ ಮುಗಿಯಿತೆಂದು ಲೆಕ್ಕ. ನಾನು ಕೆಲವು ವರ್ಷಗಳಿಂದ ಮೇ ತಿಂಗಳ ಕೆಲಸಗಳಿಗೆ ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ. ಅದು ಕಳ್ಳರ ಅಲಾರಂ ನೋಡಿಕೊಳ್ಳುವ ಕೆಲಸ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ಹತ್ತಿರದ ಮನೆಯೆಂದರೆ ಅಡಿಕೆ ತೋಟ ದಾಟಿ, ಹಳ್ಳದ ಆಚೆ. ಅಟ್ಟದಲ್ಲಿ ದರ ಏರಲಿ ಎಂದು ಇಟ್ಟ ಅಡಿಕೆ ಚೀಲಗಳು, ಕೆಳಗೆ ವಯಸ್ಸಾದ ನಾವಿಬ್ಬರು. ಬೆಂಗಳೂರಿನಲ್ಲಿರುವ ಮಗ ಅಲಾರಂ ಹಾಕಿಸಿಕೊಟ್ಟ. ಹಾಕಿಸಿದ ಮೇಲೆ ಅದರ ಪಾಡಿಗೆ ಅದು ಕಾಯುತ್ತದೆ ಎಂದು ನಾವು ನಂಬಿದ್ದೆವು.

ಸಿಡಿಲಿನ ದಿನಗಳಲ್ಲಿ ಟಿವಿ, ಫ್ರಿಜ್ ಪ್ಲಗ್ ಕಿತ್ತಿಡುವುದು ನಮ್ಮ ಕಡೆಯ ರೂಢಿ. ಮೊದಲ ವರ್ಷ ಅಲಾರಂ ಪೆಟ್ಟಿಗೆಯ ಪ್ಲಗ್ಗನ್ನೂ ಕಿತ್ತು ಮೊಳೆಗೆ ನೇತುಹಾಕಿದೆ. ಒಳಗೆ ಬ್ಯಾಟರಿ ಇದ್ದುದರಿಂದ ದೀಪ ಉರಿಯುತ್ತಲೇ ಇತ್ತು, ಆ ಧೈರ್ಯದಲ್ಲಿ ಪ್ಲಗ್ ಮರೆತೇಹೋಯಿತು. ನಾಲ್ಕನೆಯ ದಿನ ಸಂಜೆ ದೇವರಿಗೆ ದೀಪ ಹಚ್ಚಿ ತಿರುಗಿ ನೋಡುತ್ತೇನೆ, ಪೆಟ್ಟಿಗೆಯಲ್ಲಿ ಹಸಿರೂ ಇಲ್ಲ, ಕೆಂಪೂ ಇಲ್ಲ. ಕಾವಲಿದೆ ಎಂದುಕೊಂಡು ಎಷ್ಟು ರಾತ್ರಿ ನಿದ್ದೆ ಮಾಡಿದ್ದೆವೋ, ಇಂದಿಗೂ ನೆನೆದರೆ ಎದೆ ಝಲ್ಲೆನ್ನುತ್ತದೆ. ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ ಸಣ್ಣ ಸೀಲ್ಡ್ ಬ್ಯಾಟರಿ. ಅದು ಪೂರ್ತಿ ಬರಿದಾಗಿ ಹಾಗೆಯೇ ಉಳಿದರೆ ಮತ್ತೆ ಮೊದಲಿನಂತೆ ಚಾರ್ಜ್ ಹಿಡಿಯುವುದಿಲ್ಲ. ನಮ್ಮದನ್ನೂ ಬದಲಾಯಿಸಬೇಕಾಯಿತು. ಈಗ ಕಿತ್ತ ಪ್ಲಗ್ಗಿಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತೇನೆ. ಗುಡುಗು ನಿಂತ ಮೇಲೆ ಯಾರ ಕಣ್ಣಿಗೆ ಬಿದ್ದರೂ ಅವರು ಮತ್ತೆ ಚುಚ್ಚಬೇಕು.

ಬ್ಯಾಟರಿಯ ಶಕ್ತಿ ತಿಳಿಯಲು ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಪ್ಲಗ್ ತೆಗೆದು, ಸಂಜೆಯ ಹೊತ್ತಿಗೆ ಬಾಗಿಲು ತೆರೆದು ಸೈರನ್ ಕೂಗಿಸಿ ನೋಡಿ. ದನಿ ಕುಗ್ಗಿದರೆ, ಅಥವಾ ಬ್ಯಾಟರಿಯ ಬದಿ ಉಬ್ಬಿದ್ದರೆ, ಇನ್ನೂ ನಡೆಯುತ್ತದೆ ಎಂದು ಕಾಯಬೇಡಿ. ಈ ಬ್ಯಾಟರಿಗಳ ಆಯುಸ್ಸು ಹೆಚ್ಚೆಂದರೆ ಮೂರರಿಂದ ಐದು ವರ್ಷ. ಹಾಕಿದ ತಿಂಗಳು, ವರ್ಷ ಬರೆದ ಚೀಟಿಯನ್ನು ಅದರ ಮೈಗೇ ಅಂಟಿಸಿಡಿ. ಹಳೆಯದನ್ನು ಅಂಗಡಿಗೇ ಹಿಂದಿರುಗಿಸಿ, ತೋಟದ ಮೂಲೆಗೆ ಎಸೆಯಬೇಡಿ. ಅದರೊಳಗೆ ಸೀಸವಿದೆ, ನಮ್ಮ ನೀರು ಬರುವುದು ಅದೇ ಮಣ್ಣಿನಿಂದ.

ಬಿಸಿಲಿನ ದಿನ ಕೂಗಿಸಿ ನೋಡಿದರೆ ಮಾತ್ರ ಸಾಲದು. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಹೆಂಚಿನ ಮೇಲೆ, ತಗಡಿನ ಮೇಲೆ ಬೀಳುವ ಸದ್ದಿನಲ್ಲಿ ಪಕ್ಕದಲ್ಲಿ ಕುಳಿತವರ ಮಾತೇ ಕೇಳುವುದಿಲ್ಲ. ಹಾಗಾಗಿ ಜಡಿಮಳೆಯ ಒಂದು ಸಂಜೆ ಹಳ್ಳದಾಚೆಯ ಮನೆಯ ಅತ್ತಿಗೆಗೆ ಫೋನ್ ಮಾಡಿ, ‘ಈಗ ಕೂಗಿಸುತ್ತೇನೆ, ಕೇಳಿಸಿದರೆ ಜಗಲಿಗೆ ಬಂದು ಟಾರ್ಚ್ ಬಿಡಿ’ ಎಂದೆ. ಒಂದು ನಿಮಿಷ ಕೂಗಿತು. ಆಚೆ ಬೆಳಕು ಬರಲೇ ಇಲ್ಲ. ಸೈರನ್ ಇದ್ದದ್ದು ನಡುಮನೆಯ ಗೋಡೆಯಲ್ಲಿ, ಅಂದರೆ ನಮ್ಮ ಕಿವಿಗೆ ಮಾತ್ರ. ಮರುವಾರ ಇನ್ನೊಂದು ಸೈರನ್ನನ್ನು ತೋಟದ ಕಡೆಯ ಸೂರಿನಡಿ, ಎರಚಲು ತಾಗದಂತೆ, ಬಾಯಿ ಕೆಳಮುಖವಾಗಿ ಹಾಕಿಸಿದೆವು. ಅಂಥದೇ ಮಳೆಯಲ್ಲಿ ಮತ್ತೆ ಕೂಗಿಸಿದಾಗ ಅಡಿಕೆ ಮರಗಳ ಸಂದಿಯಿಂದ ಟಾರ್ಚಿನ ಬೆಳಕು ಮೂರು ಸಲ ಬಂದು ಹೋಯಿತು.

ಮಳೆಗಾಲದಲ್ಲಿ ಹೆಚ್ಚು ಸತಾಯಿಸುವುದು ಬಾಗಿಲಿನ ಸೆನ್ಸರ್. ಚೌಕಟ್ಟಿನಲ್ಲಿ ಒಂದು ತುಂಡು, ಬಾಗಿಲ ಹಲಗೆಯಲ್ಲಿ ಅಯಸ್ಕಾಂತದ ತುಂಡು. ಎರಡೂ ದೂರವಾದರೆ ಬಾಗಿಲು ತೆರೆಯಿತೆಂದು ಪೆಟ್ಟಿಗೆಗೆ ತಿಳಿಯುತ್ತದೆ. ಜುಲೈ ಬರುತ್ತಿದ್ದಂತೆ ನಮ್ಮ ಹಲಸಿನ ಬಾಗಿಲು ತೇವ ಕುಡಿದು ಉಬ್ಬಿ, ಎಷ್ಟು ನೂಕಿದರೂ ಚೌಕಟ್ಟಿಗೆ ಪೂರ್ತಿ ಕೂರುವುದಿಲ್ಲ. ಅಗುಳಿ ಹಾಕಿದ್ದರೂ ನಡುರಾತ್ರಿ ಬಾಗಿಲು ತೆರೆದಿದೆ ಎಂದು ಅಲಾರಂ ಕೂಗುತ್ತದೆ. ಎರಡು ರಾತ್ರಿ ನಿದ್ದೆ ಕೆಟ್ಟರೆ ಮೂರನೆಯ ರಾತ್ರಿ ಮನೆಯವರು ಅಲಾರಂ ಆರಿಸಿಯೇ ಮಲಗುತ್ತಾರೆ. ನನಗೆ ಹೆದರಿಕೆ ಈ ಮೂರನೆಯ ರಾತ್ರಿಯದು. ಬಾಗಿಲು ಕೆತ್ತಿಸಿದರೆ ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಅಯಸ್ಕಾಂತದ ತುಂಡನ್ನೇ, ಬಾಗಿಲು ಉಬ್ಬಿದಾಗ ನಡುವಿನ ಸಂದು ಅರ್ಧ ಇಂಚಿನೊಳಗೆ ಇರುವಂತೆ, ತುಸು ಸರಿಸಿ ಹೊಡೆಸಿ. ತಂತಿಯಿಲ್ಲದ ಸೆನ್ಸರ್ ಆದರೆ ಮುಚ್ಚಳ ತೆಗೆದು ಸೆಲ್ ನೋಡಿ. ಥಂಡಿಗೆ ಅದರ ತುದಿಯಲ್ಲಿ ಬಿಳಿಯದೋ ಹಸಿರೋ ಕಿಲುಬು ಕೂತಿದ್ದರೆ ಒಣ ಬಟ್ಟೆಯಿಂದ ಒರೆಸಿ ಹೊಸ ಸೆಲ್ ಹಾಕಿ.

ಓಡಾಟ ಗುರುತಿಸುವ ಸೆನ್ಸರ್ ಮೈಶಾಖ ಚಲಿಸುವುದನ್ನು ಕಂಡು ಎಚ್ಚರಗೊಳ್ಳುತ್ತದೆ. ಅದರ ಗಾಜಿನಂಥ ಮುಖದ ಮೇಲೆ ಜೇಡ ಬಲೆ ಕಟ್ಟಿದರೂ, ಹುಳ ಹರಿದಾಡಿದರೂ ಸುಳ್ಳು ಕೂಗು ತಪ್ಪಿದ್ದಲ್ಲ. ಹದಿನೈದು ದಿನಕ್ಕೊಮ್ಮೆ ಒರೆಸಿದರೆ ಸಾಕು. ಬೆಕ್ಕು ಮಲಗುವ ಕೋಣೆಗೂ ಒಲೆಯ ಎದುರಿಗೂ ಅದು ಬೇಡ. ಹೊಗೆ ಅಲಾರಮ್ಮನ್ನೂ ಬಚ್ಚಲ ಒಲೆಯಿಂದ ದೂರವೇ ಇಡಿ. ಅಡುಗೆ ಗ್ಯಾಸಿನದನ್ನು ಮಾತ್ರ ನೆಲದಿಂದ ಒಂದು ಅಡಿ ಎತ್ತರದಲ್ಲಿ ಹಾಕಿಸಿ, ಏಕೆಂದರೆ ಆ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಅದು ಕೂಗಿದಾಗ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಕರೆ ಮಾಡಿ.

ಅಲಾರಂ ಕೂಗಿದಾಗ ಫೋನ್ ಕರೆ ಹೋಗಲೆಂದು ಪೆಟ್ಟಿಗೆಯೊಳಗೆ ಹಾಕಿರುವ ಸಿಮ್ ಯಾರ ನೆನಪಿಗೂ ಬರುವುದಿಲ್ಲ. ನಮ್ಮ ಮೊಬೈಲಿಗೆ ತಪ್ಪದೆ ರೀಚಾರ್ಜ್ ಮಾಡುತ್ತೇವೆ, ಅದರದ್ದು ಅವಧಿ ಮುಗಿದು ಸುಮ್ಮನಾಗಿರುತ್ತದೆ. ಎರಡಕ್ಕೂ ಒಂದೇ ದಿನ ಹಣ ಕಟ್ಟಿ. ತಿಂಗಳಿಗೊಮ್ಮೆ ನಿಜವಾಗಿ ಕೂಗಿಸಿ, ಕರೆ ಯಾರಿಗೆ ಹೋಗುತ್ತದೆ ನೋಡಿ. ನಮ್ಮದರಲ್ಲಿ ಮೊದಲ ನಂಬರ್ ಮಗನದಾಗಿತ್ತು. 300 ಕಿಲೋಮೀಟರಿಗೂ ಆಚೆ ಇರುವ ಅವನು ನಡುರಾತ್ರಿ ಎದ್ದು ಗಾಬರಿಯಾಗುವುದಲ್ಲದೆ ಏನು ಮಾಡಿಯಾನು? ಈಗ ಮೊದಲ ಕರೆ ಹಳ್ಳದಾಚೆಯ ಮನೆಗೆ, ಎರಡನೆಯದು ಮೇಲಿನ ಕೇರಿಗೆ, ಅವನದು ಮೂರನೆಯದು. ದೂರದಲ್ಲಿರುವ ಮಕ್ಕಳು ಬೇಸರಿಸದೆ ಇದನ್ನು ತಾವೇ ಬದಲಿಸಿಕೊಡಬೇಕು. ಅಲಾರಮ್ಮಿನ ರಹಸ್ಯ ಸಂಖ್ಯೆ ಹಾಕಿದವರು ಕೊಟ್ಟ 1234 ಆಗಿಯೇ ಉಳಿದಿದ್ದರೆ ಅದನ್ನೂ ಇಂದೇ ಬದಲಿಸಿ.

ಕರೆಂಟು ಹೋಗಿ ಬಹಳ ಹೊತ್ತಾದರೆ ಟವರ್ ಕೂಡ ಕೈಕೊಡುತ್ತದೆ. ಅದಕ್ಕೇ ಮಂಚದ ಪಕ್ಕದಲ್ಲಿ ಟಾರ್ಚಿನ ಜೊತೆಗೆ ಒಂದು ಜಾಗಟೆ ಇಟ್ಟಿದ್ದೇನೆ. ಸೈರನ್ ಕೂಗಿದರೆ ಅಂಗಳಕ್ಕೆ ಇಳಿಯಬಾರದು, ಒಳಗಿನಿಂದಲೇ ಹೊರಗಿನ ದೀಪಗಳನ್ನೆಲ್ಲ ಹಾಕಬೇಕು, 112ಕ್ಕೆ ಕರೆ ಮಾಡಬೇಕು, ಆಚೆ ಮನೆಯವರೂ ಒಬ್ಬೊಬ್ಬರೇ ಬರದೆ ಇಬ್ಬರು ಮೂವರು ಕೂಡಿ ಬರಬೇಕು ಎಂದು ಮಾತಾಡಿಕೊಂಡಿದ್ದೇವೆ. ಹಳ್ಳಿಮನೆಗೆ ಬೀದಿಯ ಹೆಸರಿಲ್ಲ. ಆದ್ದರಿಂದ ಬಸ್ ನಿಲ್ದಾಣದಿಂದ ಎಷ್ಟು ದೂರ, ಯಾವ ಮರದ ಬಳಿ ತಿರುಗಬೇಕು, ಸಂಕ ದಾಟಿದ ಮೇಲೆ ಎಡವೋ ಬಲವೋ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಗಾಬರಿಯಲ್ಲಿ ನಾಲಿಗೆ ತೊದಲಿದರೂ ಅದನ್ನು ನೋಡಿ ಓದಿ ಹೇಳಬಹುದು.